ಬೇಲಿಯ ಹಾಡುಗಾರ ಇಲ್ಲಿ ಯಾಕೆ ಹಾಡಲ್ಲ

ಮೇಷ್ಟ್ರೇ, ನಿಮ್ಮ ಮೊಮ್ಮಗಳು ಇಂಗ್ಲಿಷ್ ಪಾಠ ಓದ್ತಾ ಕೇಳಿದ್ದಳಲ್ಲ, ‘ವಾರ್ಬಲ್’ ಅಂದ್ರೆ ಏನು ಅಂತ? ಡಿಕ್ಷನರಿಯವರು ಒಂದೇ ಸಾಲಲ್ಲಿ ಮುಗಿಸಿರ್ತಾರೆ: ದನಿಯನ್ನ ಏರಿಸಿ ಇಳಿಸಿ, ನಡುಗಿಸಿ, ಎಡೆಬಿಡದೆ ಹಾಡೋದು, ಹಕ್ಕಿ ಹಾಡೋ ರೀತಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಪದದ ಬೆನ್ನು ಹಿಡಿದು ಹೊರಟರೆ ಫ್ರಾನ್ಸು, ಜರ್ಮನಿ, ಇಂಗ್ಲೆಂಡು ಎಲ್ಲ ದಾಟಿ, ಸೈಬೀರಿಯಾಕ್ಕೆ ಹೋಗಿ, ನಮ್ಮಿಬ್ಬರ ಮನೆ ಮಧ್ಯದ ಈ ದಾಸವಾಳದ ಬೇಲಿಗೇ ಬಂದು ಸೇರ್ತೀವಿ. ಕಾಫಿ ಮುಗಿಯೋವರೆಗೂ ನಿಂತಿರಿ, ಹೇಳ್ತೀನಿ.

ಪದ ಇಂಗ್ಲಿಷಿನವರ ಸ್ವಂತದ್ದಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನ ಗೆದ್ದ ಮೇಲೆ ಅರಮನೆ, ನ್ಯಾಯಸ್ಥಾನ ಎಲ್ಲ ಕಡೆ ಫ್ರೆಂಚ್ ಕೂತಿತು. ಅದೂ ಪ್ಯಾರಿಸ್ಸಿನ ಫ್ರೆಂಚಲ್ಲ, ಉತ್ತರದ ಕಡೆಯದು. ಆ ಕಡೆಯವರ ಬಾಯಲ್ಲಿ ನಡುಕದ ಹಾಡಿಗೆ ‘ವೆರ್ಬ್ಲೆರ್’ ಅಂತ ಇತ್ತು. ಉತ್ತರದವರು ಕೆಲವು ಹಳೇ ಪದಗಳಲ್ಲಿ ವಕಾರ ಉಳಿಸಿಕೊಂಡರು, ಪ್ಯಾರಿಸ್ ಕಡೆಯವರು ಅದೇ ಜಾಗದಲ್ಲಿ ಗಕಾರ ತಂದುಕೊಂಡರು. ನಮ್ಮ ಹಳಗನ್ನಡದ ಪಾಲು ಹಾಲಾದದ್ದು, ಪೂ ಹೂವಾದದ್ದು ನೀವೇ ಮಕ್ಕಳಿಗೆ ಹೇಳಿಕೊಟ್ಟವರು, ನಿಮಗೆ ಇದು ಹೊಸದಲ್ಲ. ಮಜಾ ಏನಂದ್ರೆ, ಇಂಗ್ಲಿಷು ಎರಡೂ ಕಡೆಯಿಂದ ಸಾಲ ತಂದಿದೆ. ವಾರ್ಡನ್ ಉತ್ತರದ್ದು, ಗಾರ್ಡಿಯನ್ ಪ್ಯಾರಿಸ್ ಕಡೆಯದು. ವಾರಂಟಿ, ಗ್ಯಾರಂಟಿ ಕೂಡ ಒಂದೇ ಬೇರಿನವು. ಮಿಕ್ಸಿ ಅಂಗಡಿಯವರು ‘ವಾರಂಟಿ ಇದೆ ಸಾರ್, ಗ್ಯಾರಂಟಿ ಇಲ್ಲ’ ಅಂತಾರಲ್ಲ, ಸಾವಿರ ವರ್ಷದ ಹಿಂದೆ ಅವೆರಡೂ ಒಂದೇ ಮನೆಯಲ್ಲಿ ಇದ್ದವು. ವಾರ್ಬಲ್ ಉತ್ತರದವರ ವಕಾರ ಹೊತ್ತುಕೊಂಡೇ ಸಮುದ್ರ ದಾಟಿದ ಪದ.

ಇನ್ನೂ ಹಿಂದಕ್ಕೆ ಹೋದರೆ, ಫ್ರೆಂಚರಿಗೂ ಇದು ಬಂದದ್ದು ಫ್ರಾಂಕರ ಜರ್ಮಾನಿಕ್ ಭಾಷೆಯಿಂದ. ಅಲ್ಲಿ ಇದರ ಮೂಲಾರ್ಥ ಹಾಡೋದಲ್ಲ, ಗಿರ್ರನೆ ಸುತ್ತೋದು. ಇವತ್ತಿನ ಜರ್ಮನ್‌ನಲ್ಲಿ ಇದರ ನೆಂಟ ‘ವಿರ್ಬೆಲ್’ ಇನ್ನೂ ಬದುಕಿದೆ. ಅದಕ್ಕೆ ಎಷ್ಟು ಅರ್ಥ ನೋಡಿ: ನೀರಿನ ಸುಳಿ, ಗಾಳಿಯ ಸುಳಿ, ನೆತ್ತಿಯ ಕೂದಲಿನ ಸುಳಿ, ಬೆನ್ನುಮೂಳೆಯ ಒಂದೊಂದು ಮಣಿ, ಪಿಟೀಲಿನ ತಂತಿ ಬಿಗಿಮಾಡೋ ಬಿರಡೆ, ಡ್ರಮ್ಮಿನ ಮೇಲೆ ಎರಡು ಕೋಲುಗಳಿಂದ ಎಡೆಬಿಡದೆ ಬಾರಿಸೋ ಪೆಟ್ಟು. ನಮ್ಮ ‘ಸುಳಿ’ಯೂ ಹೊಳೆಯಲ್ಲಿದೆ, ಮಗುವಿನ ನೆತ್ತಿಯಲ್ಲಿದೆ, ಜಾತ್ರೆಯಲ್ಲಿ ಎತ್ತು ಕೊಳ್ಳೋರು ಬೆನ್ನು ಸವರಿ ಹುಡುಕೋದರಲ್ಲೂ ಇದೆ. ಅಂದ್ರೆ ಆ ಹಳೇ ಜನ ಹಾಡು ಕೇಳಿ, ದನಿ ನೇರವಾಗಿ ಹೋಗ್ತಿಲ್ಲ, ಸುತ್ತುತ್ತಿದೆ ಅಂತ ಕಿವಿಯಲ್ಲೇ ಕಂಡುಕೊಂಡಿದ್ದಾರೆ. ಅದು ಬರೀ ಅಲಂಕಾರದ ಮಾತಲ್ಲ. 13ನೇ ಶತಮಾನದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ 15 ಗಮಕ ಹೇಳಿದ್ದಾನೆ, ಕಂಪಿತ, ಸ್ಫುರಿತ, ಆಂದೋಲಿತ ಎಲ್ಲ ಅದರಲ್ಲಿವೆ. ಸ್ವರ ಒಂದೇ ಕಡೆ ನಿಲ್ಲದೆ ತನ್ನ ಜಾಗದ ಸುತ್ತ ಆಡಿದಾಗಲೇ ಅದಕ್ಕೆ ಜೀವ ಅನ್ನೋದನ್ನ ಎರಡು ದೂರದ ನಾಡಿನವರು ತಮ್ಮ ತಮ್ಮ ಪಾಡಿಗೆ ಕಂಡುಕೊಂಡರು.

ಪದ ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಹಕ್ಕಿಗೇ ಮೀಸಲಾಗಿರಲಿಲ್ಲ. 14ನೇ ಶತಮಾನದ ಕೊನೆಯ ‘ಸರ್ ಗವೇನ್ ಅಂಡ್ ದಿ ಗ್ರೀನ್ ನೈಟ್’ ಕಾವ್ಯದಲ್ಲಿ ಆರ್ಥರ್ ದೊರೆಯ ಹೊಸವರ್ಷದ ಊಟಕ್ಕೆ ಕಹಳೆ, ನಗಾರಿ, ಕೊಳಲು ಮೊಳಗುತ್ತವೆ. ಅಲ್ಲಿ ಈ ಪದ ಬರೋದು ಮನುಷ್ಯರ ವಾದ್ಯದ ಸದ್ದಿಗೆ. ಮಿಲ್ಟನ್ ತನ್ನ ‘ಲಾಲೆಗ್ರೊ’ ಕವಿತೆಯಲ್ಲಿ ಶೇಕ್ಸ್‌ಪಿಯರನ ಕಾವ್ಯಕ್ಕೇ ಇದೇ ಕ್ರಿಯಾಪದ ಹಾಕಿದ್ದಾನೆ, ಪೂರ್ತಿ ಮೆಚ್ಚುಗೆಯಿಂದ. ಈಗಿನ ಇಂಗ್ಲಿಷಲ್ಲಿ ಹಾಡುಗಾರರಿಗೆ ಹಾಗಂದ್ರೆ ಸ್ವಲ್ಪ ಚುಚ್ಚಿದ ಹಾಗೆ ಕೇಳಿಸುತ್ತೆ. ಪದಗಳ ಮಾನ ಏರಿ ಇಳಿಯುತ್ತೆ, ಏನು ಮಾಡೋದು.

ಹಾ, ನೀವು ಹಳ್ಳಿಯಲ್ಲಿ ದನ ಸಾಕಿದವರು, ಇದೊಂದು ಹೇಳಿಬಿಡ್ತೀನಿ. ಅದೇ ಕಾಗುಣಿತದ ಇನ್ನೊಂದು ವಾರ್ಬಲ್ ಇದೆ. ದನದ ಬೆನ್ನ ಮೇಲೆ ಏಳೋ ಗಂಟಿಗೆ ಆ ಹೆಸರು. ವಾರ್ಬಲ್ ನೊಣ ದನದ ಕಾಲಿನ ರೋಮಕ್ಕೆ ಮೊಟ್ಟೆ ಅಂಟಿಸುತ್ತೆ. ಹುಳು ಹೊರಗೆ ಬಂದು ಚರ್ಮ ಕೊರೆದು ಒಳಗಿಳಿಯುತ್ತೆ. ತಿಂಗಳುಗಟ್ಟಲೆ ಮೈಯೊಳಗೇ ಅಲೆದು ಬೆನ್ನಿಗೆ ಬರುತ್ತೆ, ಉಸಿರಾಡೋಕೆ ಚರ್ಮದಲ್ಲಿ ತೂತು ಮಾಡಿಕೊಂಡು ಕೂರುತ್ತೆ, ಬಲಿತ ಮೇಲೆ ನೆಲಕ್ಕೆ ಉದುರಿ ಕೋಶ ಕಟ್ಟುತ್ತೆ. ಆ ನೊಣ ಹಾರಾಡಿದರೆ ಸಾಕು, ದನಗಳು ಬಾಲ ಎತ್ತಿಕೊಂಡು ಮೇವು ಬಿಟ್ಟು ಓಡ್ತವೆ. ಚರ್ಮ ತೂತಾದ್ದರಿಂದ ಚಮ್ಮಾರರಿಗೂ ನಷ್ಟ. ನಮ್ಮ ದೇಶದಲ್ಲಿ ವಾಯವ್ಯದ ಕಡೆ ಈ ಕಾಟ ಇದೆ. ಈ ಪದ ಪ್ರಾಯಶಃ ಸ್ಕ್ಯಾಂಡಿನೇವಿಯಾದ ಕೀವುಗಡ್ಡೆಯ ಹೆಸರಿಂದ ಬಂದದ್ದು. ಹಾಡಿಗೂ ಅದಕ್ಕೂ ಸಂಬಂಧ ಇಲ್ಲ. ಮೊಮ್ಮಗಳು ಡಿಕ್ಷನರಿ ತೆಗೆದಾಗ ಎರಡೂ ಸಿಕ್ಕರೆ ಗಾಬರಿ ಆಗೋದು ಬೇಡ ಅಂತ ಹೇಳಿದೆ.

ಇನ್ನು ಹಾಡಿನ ವಾರ್ಬಲ್ ಯಂತ್ರಕ್ಕೂ ಹತ್ತಿದೆ. ಚಿಕ್ಕ ಮಕ್ಕಳ ಕಿವಿ ಪರೀಕ್ಷೆಯಲ್ಲಿ ಸ್ಪೀಕರಿನಿಂದ ಕೇಳಿಸೋ ಸದ್ದಿಗೆ ‘ವಾರ್ಬಲ್ ಟೋನ್’ ಅಂತಾರೆ. ಒಂದೇ ಸಮನಾದ ಸ್ವರ ಬಿಟ್ಟರೆ ಅದು ಕೋಣೆಯ ಗೋಡೆಗಳಿಗೆ ಬಡಿದು ತನ್ನನ್ನೇ ತಾನು ಕೂಡಿಕೊಂಡು, ಒಂದು ಕಡೆ ಜೋರಾಗಿ, ಒಂದು ಕಡೆ ಮೆತ್ತಗೆ ಆಗಿಬಿಡುತ್ತೆ. ಮಗು ತಲೆ ಕೊಂಚ ತಿರುಗಿಸಿದರೂ ಲೆಕ್ಕ ತಪ್ಪುತ್ತೆ. ಅದಕ್ಕೇ ಸ್ವರವನ್ನ ಸ್ವಲ್ಪ ಮೇಲೆ ಕೆಳಗೆ ಆಡಿಸ್ತಾರೆ. ಅಂದ್ರೆ ದನಿ ತನ್ನ ಸುತ್ತ ಸುಳಿದರೆ ಕೋಣೆ ತುಂಬ ಒಂದೇ ತರಹ ಹರಡುತ್ತೆ.

ಈಗ ಹಕ್ಕಿಗೆ ಬರೋಣ, ನನಗೆ ಮುಖ್ಯ ಅದೇ. ವಾರ್ಬ್ಲರ್ ಅನ್ನೋ ಹೆಸರನ್ನ ಒಂದು ಗುಂಪಿಗೆ ಕಟ್ಟಿದವನು ಥಾಮಸ್ ಪೆನಂಟ್ ಅನ್ನೋ ನಿಸರ್ಗತಜ್ಞ, 1773ರಲ್ಲಿ. ಅದಕ್ಕೆ ಮುಂಚೆ, ಜೀವಿಗಳನ್ನ ವಿಂಗಡಿಸಿ ಹೆಸರಿಟ್ಟ ಲಿನೇಯಸ್ ಸಣ್ಣ ಕೊಕ್ಕಿನ ಪುಟಾಣಿ ಹಕ್ಕಿಗಳನ್ನೆಲ್ಲ ಸಿಪಿಲೆ ಹಕ್ಕಿಯ ಜೊತೆಗೆ ಒಂದೇ ಕುಲಕ್ಕೆ ಸೇರಿಸಿಬಿಟ್ಟಿದ್ದ. ಕಂದುಬಣ್ಣ, ಹಸಿರುಬಣ್ಣ, ಗಾತ್ರದಲ್ಲಿ ಗುಬ್ಬಿಗಿಂತ ಸಣ್ಣ, ಎಲೆಯ ಸಂದಿ ಬಿಟ್ಟು ಆಚೆ ಬರಲ್ಲ. ಕಣ್ಣಿಗೆ ಎಲ್ಲ ಒಂದೇ. ಇಂಥವನ್ನ ಬಿಡಿಸಿ ಹೇಳೋದು ಹೇಗೆ?

ಅದನ್ನ ತೋರಿಸಿದವರು ಪೆನಂಟನಿಗೆ ಕಾಗದ ಬರೀತಿದ್ದ ಒಬ್ಬ ಪಾದ್ರಿ, ಗಿಲ್ಬರ್ಟ್ ವೈಟ್. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಸೆಲ್ಬೋರ್ನ್ ಅಂತ ಒಂದು ಹಳ್ಳಿ. ಅದರ ಸುತ್ತಮುತ್ತಲೇ ಓಡಾಡಿಕೊಂಡು ನೋಡಿದ್ದು ಕೇಳಿದ್ದನ್ನೆಲ್ಲ ಪತ್ರದಲ್ಲಿ ಬರೆದರು; ಆ ಪತ್ರಗಳೇ 1789ರ ‘ದಿ ನ್ಯಾಚುರಲ್ ಹಿಸ್ಟರಿ ಆಫ್ ಸೆಲ್ಬೋರ್ನ್’ ಪುಸ್ತಕ ಆದವು. ಆಗ ಎಲ್ಲರೂ ‘ವಿಲೋ ರೆನ್’ ಅಂತ ಒಂದೇ ಹೆಸರಲ್ಲಿ ಕರೀತಿದ್ದ ಹಕ್ಕಿ ನಿಜವಾಗಿ ಮೂರು ಜಾತಿ ಅಂತ 1768ರಲ್ಲಿ ವೈಟ್ ಬರೆದರು. ಅವರಿಗೆ ಸುಳಿವು ಕೊಟ್ಟದ್ದು ಕಿವಿ. ಒಂದು ಎರಡೇ ಸ್ವರ ಹಿಡಿದು ಚಿಫ್ ಚಾಫ್ ಅಂತ ಜಪಿಸುತ್ತೆ; ಈಗ ಅದರ ಹೆಸರೇ ಚಿಫ್‌ಚಾಫ್. ಇನ್ನೊಂದು ಮೇಲಿನ ಸ್ವರದಿಂದ ಮೆಲ್ಲಗೆ ಇಳಿದು ಬಂದು ನಿಲ್ಲುತ್ತೆ, ಅದು ವಿಲೋ ವಾರ್ಬ್ಲರ್. ಮೂರನೆಯದು ಎತ್ತರದ ಬೀಚ್ ಮರದ ತುದಿಯಲ್ಲಿ ರೆಕ್ಕೆ ನಡುಗಿಸಿಕೊಂಡು ಹಾಡೋ ವುಡ್ ವಾರ್ಬ್ಲರ್. ಹಾಸುಗಲ್ಲಿನ ಮೇಲೆ ರೂಪಾಯಿ ನಾಣ್ಯ ಗಿರ್ರನೆ ತಿರುಗಿಸಿ ಬಿಡಿ. ಬೀಳೋಕೆ ಮುಂಚೆ ಅಂಚು ಕಲ್ಲಿಗೆ ತಾಗಿ ತಾಗಿ, ಸದ್ದು ಬಿಗಿಯಾಗ್ತಾ ಬಿಗಿಯಾಗ್ತಾ ಒಂದೇ ಎಳೆ ಆಗಿಬಿಡುತ್ತಲ್ಲ, ಅದೇ ಅದರ ಹಾಡು. ಆ ಮೂರು ಹಾಡು ಬೇರೆ ಅಂತ ಗಟ್ಟಿಯಾದ ಮೇಲೆ ಹಕ್ಕಿಗಳನ್ನ ಮುಂದೆ ಇಟ್ಟುಕೊಂಡು ನೋಡಿದರೆ ಗಾತ್ರದಲ್ಲೂ ಬಣ್ಣದಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಕಾಣಿಸಿತು. ಯಾವ ವಿಶ್ವವಿದ್ಯಾಲಯವೂ ಇಲ್ಲದ ಹಳ್ಳಿಯಲ್ಲಿ, ಬರೀ ತಾಳ್ಮೆಯಿಂದ ಕೇಳಿದ್ದಕ್ಕೆ ಸಿಕ್ಕ ಜ್ಞಾನ ಅದು. ಆ ಮನುಷ್ಯನ ಮೇಲೆ ನನಗೆ ಇರೋ ಗೌರವ ಹೇಳತೀರದು.

ಅಷ್ಟು ಪುಟ್ಟ ಗಂಟಲಿಂದ ಅದು ಹೇಗೆ ಸಾಧ್ಯ ಅಂತೀರಾ? ನಮ್ಮ ದನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಯದು ಎದೆಯಲ್ಲಿ, ಉಸಿರುನಾಳ ಎರಡು ಶ್ವಾಸಕೋಶಕ್ಕೂ ಕವಲೊಡೆಯೋ ಜಾಗದಲ್ಲಿ. ಅದಕ್ಕೆ ಸಿರಿಂಕ್ಸ್ ಅಂತಾರೆ. ಕವಲು ಎರಡಾದ್ದರಿಂದ ದನಿಯ ಮೂಲವೂ ಎರಡು. ಎಡಗಡೆ ಒಂದು ಸ್ವರ, ಬಲಗಡೆ ಇನ್ನೊಂದು ಸ್ವರ ಒಟ್ಟಿಗೇ ಹೊರಡಿಸಬಹುದು. ಉಸಿರಿನ ವಿಷಯ ಇನ್ನೂ ಸೋಜಿಗ. ನಮ್ಮ ಗಾಯಕರು ಬಿರ್ಕಾ ಹಾಕುವಾಗ ಒಂದೇ ಉಸಿರನ್ನ ಕೊನೆಯವರೆಗೂ ಉಳಿಸಿಕೊಂಡು ಹೋಗಬೇಕು. ಕ್ಯಾನರಿ ಹಕ್ಕಿಯನ್ನ ಪರೀಕ್ಷೆ ಮಾಡಿದವರು ಕಂಡದ್ದು ಬೇರೆ: ಅದು ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವಿನ ಚೂರು ಸಮಯದಲ್ಲೇ ಪುಟ್ಟದಾಗಿ ಉಸಿರು ಎಳೆದುಕೊಳ್ಳುತ್ತೆ. ಖರ್ಚಾದಷ್ಟನ್ನ ಆಗಾಗಲೇ ತುಂಬಿಕೊಳ್ಳೋದರಿಂದ ಹಾಡು ತುಂಡಾಗೋದೇ ಇಲ್ಲ.

ಹಾಡು ಹುಟ್ಟಿನಿಂದಲೇ ಪೂರ್ತಿ ಬರೋದೂ ಅಲ್ಲ. ಮಾರ್ಷ್ ವಾರ್ಬ್ಲರ್ ಅಂತ ಒಂದು ಹಕ್ಕಿ ಯೂರೋಪಿನಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುತ್ತೆ. ಅದಕ್ಕೆ ಸ್ವಂತದ್ದು ಅನ್ನೋ ಸ್ವರ ಕಡಿಮೆ, ಕೇಳಿದ ಹಕ್ಕಿಗಳ ದನಿಯನ್ನೆಲ್ಲ ಹೆಣೆದು ಹಾಡುತ್ತೆ. ಬೆಲ್ಜಿಯಂನಲ್ಲಿ ಫ್ರಾನ್ಸ್ವಾಸ್ ಡೌಸೆಟ್-ಲಮೇರ್ ಅನ್ನೋ ವಿಜ್ಞಾನಿ ಕೂತು ಬಿಡಿಸಿ ನೋಡಿ 1979ರಲ್ಲಿ ಪ್ರಕಟಿಸಿದರು: ಒಂದೊಂದು ಗಂಡು ಸರಾಸರಿ 76 ಜಾತಿಯ ಹಕ್ಕಿಗಳ ದನಿ ಅನುಕರಿಸುತ್ತೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದವು. ಯೂರೋಪಿನ ಜೌಗಿನಲ್ಲಿ ಕೂತು ಆಫ್ರಿಕಾದ ಹಕ್ಕಿಗಳ ಮಾತು ಆಡುತ್ತೆ ಅಂದ್ರೆ, ಅದು ಯಾವ ದಾರಿಯಲ್ಲಿ ಹೋಗಿ ಬಂತು ಅನ್ನೋದು ಹಾಡಿನಲ್ಲೇ ಬರೆದಿದೆ.

ಹಾಡೇ ಗುರುತು ಅಂತ ನಾನು ಹೇಳೋದಕ್ಕೆ ಇನ್ನೂ ದೊಡ್ಡ ಸಾಕ್ಷಿ ಗ್ರೀನಿಶ್ ವಾರ್ಬ್ಲರ್. ಎಂಟು ಗ್ರಾಮಿನ ಆಸುಪಾಸು ತೂಗೋ, ತಿಳಿಹಸಿರು ಬಣ್ಣದ, ಕಣ್ಣಿನ ಮೇಲೆ ಬಿಳಿ ಹುಬ್ಬಿನ ಹಕ್ಕಿ. ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದ ಆಕಾರದಲ್ಲಿ ಇದರ ವಾಸ. ಹಿಮಾಲಯದಿಂದ ಒಂದು ಕವಲು ಪಶ್ಚಿಮಕ್ಕೆ ತಿರುಗಿ ಕಾಶ್ಮೀರ, ಮಧ್ಯ ಏಷ್ಯಾ ದಾಟಿ ಸೈಬೀರಿಯಾ ಸೇರುತ್ತೆ. ಇನ್ನೊಂದು ಪೂರ್ವದಿಂದ ಚೀನಾ ಸುತ್ತಿಕೊಂಡು ಅದೇ ಸೈಬೀರಿಯಾಕ್ಕೆ ಬರುತ್ತೆ. 1938ರಲ್ಲೇ ಪಕ್ಷಿತಜ್ಞ ಕ್ಲಾಡ್ ಟೈಸ್‌ಹರ್ಸ್ಟ್ ಇದನ್ನ ಗುರುತಿಸಿದ್ದ. 2001ರಲ್ಲಿ ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು ಊರೂರು ತಿರುಗಿ ಹಾಡು ಧ್ವನಿಮುದ್ರಿಸಿ ತೋರಿಸಿದರು. ಹಿಮಾಲಯದ ಕಡೆ ಹಾಡು ಚಿಕ್ಕದು, ಸರಳ. ಉತ್ತರಕ್ಕೆ ಹೋದಷ್ಟೂ ಉದ್ದ ಆಗುತ್ತೆ, ತೊಡಕಾಗುತ್ತೆ. ಆದರೆ ಎರಡು ಕವಲಲ್ಲೂ ಬೇರೆ ಬೇರೆ ರೀತಿಯಲ್ಲಿ. ಕೊನೆಗೆ ಸೈಬೀರಿಯಾದಲ್ಲಿ ಎರಡೂ ಎದುರಾದಾಗ ಒಂದರ ಹಾಡನ್ನ ಇನ್ನೊಂದು ತನ್ನವರ ಹಾಡು ಅಂತ ಒಪ್ಪಲ್ಲ, ಜೋಡಿಯೂ ಕಟ್ಟಲ್ಲ. ನಡುನಡುವೆ ಕೆಲವು ಕಾಲ ಈ ಉಂಗುರ ಕಡಿದಿತ್ತು ಅಂತ ಆಮೇಲಿನ ಡಿಎನ್‌ಎ ಅಧ್ಯಯನಗಳು ಹೇಳಿವೆ, ಕಥೆ ಮೊದಲು ಅಂದುಕೊಂಡಷ್ಟು ನೇರ ಅಲ್ಲ. ಆದರೂ ಹಾಡು ಬೇರೆಯಾದಾಗ ಕುಲವೇ ಬೇರೆಯಾಗುತ್ತೆ ಅನ್ನೋ ಮಾತು ನಿಂತಿದೆ. ಎರಡೂವರೆ ಶತಮಾನದ ಹಿಂದೆ ಸೆಲ್ಬೋರ್ನಿನ ಪಾದ್ರಿ ಕಿವಿಗೊಟ್ಟು ಕಂಡದ್ದೂ ಇದನ್ನೇ.

ಈಗ ಬೇಲಿಗೆ ಬಂದೆ, ಮೇಷ್ಟ್ರೇ. ಆ ಪಶ್ಚಿಮದ ಕವಲಿನ ಗ್ರೀನಿಶ್ ವಾರ್ಬ್ಲರ್ ಚಳಿಗಾಲ ಕಳೆಯೋದು ನಮ್ಮ ದಕ್ಷಿಣ ಭಾರತದಲ್ಲಿ. ನಿಮ್ಮ ಹೊಂಗೆ ಮರದ ಮೇಲಿಂದ ಬೆಳಗ್ಗೆ ‘ಟಿಸ್ಲಿ, ಟಿಸ್ಲಿ’ ಅಂತ ಚೂಪಾಗಿ ಕೇಳಿಸುತ್ತಲ್ಲ, ಅದೇ. ಒಂದೊಂದು ಹಕ್ಕಿ ತನಗೆ ಅಂತ ಒಂದಿಷ್ಟು ಜಾಗ ಹಿಡಿದು, ಇನ್ನೊಂದು ಬಂದರೆ ಓಡಿಸುತ್ತೆ. ಆ ಕೂಗು ಗಡಿ ಸಾರೋ ಕೂಗು. ಕೆಳಗೆ ದಾಸವಾಳದ ಗಿಡದ ಒಳಗಿಂದ ‘ಚಕ್… ಚಕ್’ ಅಂತ ನಾಲಿಗೆ ಚಪ್ಪರಿಸೋ ದನಿ ಬರುತ್ತಲ್ಲ, ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ತಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇದನ್ನ ವಿವರಿಸಿ ಹೆಸರಿಟ್ಟ. ಇಂಗ್ಲಿಷ್ ಹೆಸರಲ್ಲಿ ಜೊಂಡು ಇದೆ, ಆದರೆ ನಮ್ಮಲ್ಲಿ ಇದು ಕೆರೆಯ ಜೊಂಡಿನಲ್ಲಿ ಇರೋದು ಕಡಿಮೆ. ಪೊದೆ, ಬೇಲಿ, ತೋಟದಂಚು ಇದರ ಜಾಗ. ಬ್ಲೈತ್ ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥವೇ ಪೊದೆಗಳ ಹಕ್ಕಿ ಅಂತ. ನಮ್ಮ ಹಕ್ಕಿ ನೋಡೋ ಕನ್ನಡದವರು ಇಂಥವನ್ನೆಲ್ಲ ಉಲಿಯಕ್ಕಿ ಅಂತಾರೆ. ನೋಡೋಕೆ ಮಾಸಲು ಕಂದು, ಹೊಟ್ಟೆ ಕಡೆ ಬಿಳುಪು, ಬಾಲದ ತುದಿ ದುಂಡು. ಒಂದು ಕ್ಷಣ ಕೊಂಬೆಯ ಬುಡದಲ್ಲಿ ಕಾಣಿಸಿ, ಬಾಲ ಕೊಂಚ ಬಿಚ್ಚಿ, ಹುಳು ಹೆಕ್ಕಿ, ಒಳಗೆ ಸೇರಿಕೊಂಡುಬಿಡುತ್ತೆ.

ಫಿನ್ಲೆಂಡಿನಿಂದ ರಷ್ಯಾ, ಸೈಬೀರಿಯಾ, ಮಧ್ಯ ಏಷ್ಯಾದವರೆಗೆ ಇದರ ತವರು. ಅಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಕೂತು ಒಂದೊಂದು ತುಣುಕನ್ನೂ ನಿಧಾನವಾಗಿ ಮತ್ತೆ ಮತ್ತೆ ತಿರುವಿ ಹಾಡುತ್ತೆ, ಬೇರೆ ಹಕ್ಕಿಗಳ ದನಿಯನ್ನೂ ಸೇರಿಸಿಕೊಳ್ಳುತ್ತೆ. ಅಂಥ ಹಾಡುಗಾರ ಇಲ್ಲಿ ಬಂದು ‘ಚಕ್’ ಅನ್ನೋ ಒಂದೇ ಅಕ್ಷರದಲ್ಲಿ ಆರೇಳು ತಿಂಗಳು ಕಳೀತದೆ. ಯಾಕೆ ಅಂದ್ರೆ ಹಾಡು ಗೂಡಿಗಾಗಿ, ಹೆಣ್ಣಿಗಾಗಿ. ವಸಂತದಲ್ಲಿ ಹಗಲು ಉದ್ದ ಆಗ್ತಾ ಹೋದ ಹಾಗೆ ಮೈಯ ಹಾರ್ಮೋನು ಏರಿ ಹಾಡು ಹೊರಡುತ್ತೆ. ಇಲ್ಲಿ ಅದಕ್ಕೆ ಗೂಡಿಲ್ಲ, ಸಂಸಾರ ಇಲ್ಲ. ಬೇಕಾದ್ದು ಹೊಟ್ಟೆಗೆ ಹುಳು, ಕೂರೋಕೆ ಒಂದು ಪೊದೆ, ‘ಇದು ನನ್ನ ಜಾಗ’ ಅನ್ನೋಕೆ ಒಂದು ಮಾತು. ನಾವು ಇಂಗ್ಲಿಷ್ ಹೆಸರು ಓದಿಕೊಂಡು ಹಾಡಿಗಾಗಿ ಕಾದರೆ ಹಕ್ಕಿ ಇದ್ದದ್ದೇ ಗೊತ್ತಾಗಲ್ಲ. ಆ ಒಂದು ‘ಚಕ್’ ಕಲಿತುಕೊಂಡರೆ ಸಾಕು, ಸೆಪ್ಟೆಂಬರಿನಲ್ಲಿ ಅದು ಬಂದ ದಿನವೇ ತಿಳಿಯುತ್ತೆ. ಕೇಳೋಕೆ ಚೆನ್ನಾಗಿರೋದನ್ನ ಕೇಳೋದು ಎಲ್ಲರಿಗೂ ಬರುತ್ತೆ. ಒಣಗಿದ ಒಂದು ಸದ್ದಿಗೂ ಕಿವಿ ಕೊಟ್ಟು ‘ಓ, ನೀನಾ?’ ಅನ್ನೋದಿದೆಯಲ್ಲ, ಅದನ್ನ ಮಕ್ಕಳಿಗೆ ಕಲಿಸಬೇಕು.

ವರ್ಷವಿಡೀ ನಮ್ಮ ಜೊತೆಗೇ ಇರೋ ನೆಂಟರೂ ಇದ್ದಾರೆ. ಎಲೆ ಹೊಲಿದು ಗೂಡು ಕಟ್ಟೋ ಸಿಂಪಿಗ ‘ಟುವೀ ಟುವೀ’ ಅಂತ ಜಾಗ ಬಿಡದೆ ಕೂಗುತ್ತೆ. ಬೂದುಬಣ್ಣದ ಪ್ರಿನಿಯಾ ಹಾರುವಾಗ ‘ಟಕ ಟಕ’ ಅಂತ ಚಿಟಿಕೆಯ ಸದ್ದು ಮಾಡುತ್ತೆ. ಸಲೀಂ ಅಲಿಯವರ ಹಳೇ ಪುಸ್ತಕದಲ್ಲಿ ಅದು ‘ಆ್ಯಶಿ ರೆನ್-ವಾರ್ಬ್ಲರ್’. ಇತ್ತೀಚಿನ ಡಿಎನ್‌ಎ ಲೆಕ್ಕದಲ್ಲಿ ವಾರ್ಬ್ಲರುಗಳ ಹಳೇ ಕುಟುಂಬವನ್ನ ಒಡೆದು ಹಲವು ಕುಟುಂಬ ಮಾಡಿದ್ದಾರೆ. ಅಮೆರಿಕಾಕ್ಕೆ ಹೋದ ಇಂಗ್ಲಿಷರು ಅಲ್ಲಿನ ಬಣ್ಣಬಣ್ಣದ ಹಕ್ಕಿಗಳಿಗೂ ಊರಿನ ನೆನಪಲ್ಲಿ ಇದೇ ಹೆಸರಿಟ್ಟರು, ಅವಕ್ಕೂ ಇವಕ್ಕೂ ಹತ್ತಿರದ ರಕ್ತಸಂಬಂಧ ಇಲ್ಲ. ಹೆಸರು ಮನುಷ್ಯರದ್ದು, ಅದು ಓಡಾಡ್ತಾ ಇರುತ್ತೆ. ದನಿ ಹಕ್ಕಿಯದ್ದು.

ಅದಕ್ಕೇ ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು ಅಂತಿದ್ದೆ. ಈ ಬೀದಿಯಲ್ಲಿ ಒಬ್ಬೊಬ್ಬರೇ ಬೇಲಿ ಕಿತ್ತು ಸಿಮೆಂಟ್ ಕಾಂಪೌಂಡ್ ಎಬ್ಬಿಸ್ತಿದ್ದಾರೆ, ಅಂಗಳಕ್ಕೆ ಟೈಲ್ಸ್ ಹಾಕಿಸ್ತಿದ್ದಾರೆ. ಸಾವಿರಾರು ಕಿಲೋಮೀಟರು ಹಾರಿ ಬಂದ ಹಕ್ಕಿಗೆ ಮರ ಒಂದೇ ಸಾಲದು, ನೆಲದ ಹತ್ತಿರ ಕಿಕ್ಕಿರಿದ ಗಿಡ ಬೇಕು. ನಿಮ್ಮ ಮಗ ಬಂದು ಬೇಲಿ ಸವರಿಸಬೇಕು ಅಂದಾಗ ಬೇಡ ಅನ್ನಬೇಡಿ, ಈ ಮೂಲೆಯ ದಾಸವಾಳವನ್ನೂ ಪಕ್ಕದ ಲಂಟಾನವನ್ನೂ ಮಾತ್ರ ಮೇ ತಿಂಗಳವರೆಗೆ ಬಿಟ್ಟು ಸವರಿಸಿ ಅನ್ನಿ. ಔಷಧಿ ಹೊಡೆಸಬೇಡಿ, ಅದರ ಊಟ ಆ ಹುಳುಗಳೇ. ಮೊಮ್ಮಗಳು ಬೇಸಿಗೆ ರಜಕ್ಕೆ ಬರ್ತಾಳಲ್ಲ, ಏಪ್ರಿಲಿನಲ್ಲಿ? ಹೊರಡೋಕೆ ಮುಂಚೆ ಕೆಲವು ಗಂಡುಗಳು ಪೊದೆಯೊಳಗೇ ಕೂತು ಮೆಲುದನಿಯಲ್ಲಿ ಹಾಡು ಶುರು ಮಾಡೋದುಂಟು. ಬೆಳಗ್ಗೆ ಆರೂವರೆಗೆ ಅವಳನ್ನ ಎಬ್ಬಿಸಿ ಇಲ್ಲಿಗೆ ಕಳಿಸಿ, ನಾನು ಇರ್ತೀನಿ. ಡಿಕ್ಷನರಿಯ ಅರ್ಥ ಅವಳಿಗೆ ಆಗಲೇ ಗೊತ್ತಿದೆ, ಉಳಿದದ್ದನ್ನ ಕಿವಿಯಲ್ಲೇ ಕೇಳಿಸಿಕೊಳ್ಳಲಿ.